ನಾನು ಆರಿಸಿದ ರೆಕ್ಕೆ

ಮಾರ್ಚ್ 12, ಬುಧವಾರ

ಕ್ಲಿನಿಕ್ಕಿನಲ್ಲಿ ಬೆಳಗಿನ ರೋಗಿಗಳು ಮುಗಿಯುವಷ್ಟರಲ್ಲಿ ಒಂದೂವರೆ. ಆಮೇಲೆ ಹೋಂ ವಿಸಿಟ್, ಬ್ಲಡ್ ರಿಪೋರ್ಟುಗಳು, ಈಸ್ಟರ್ ರಜೆಯ ಡ್ಯೂಟಿ ಪಟ್ಟಿಯ ಜಗಳ. ಬೀಸ್ಟನ್‌ವರೆಗೂ ಟ್ರಾಮಿನಲ್ಲಿ ನಿಂತೇ ಬಂದೆ. ಮನೆ ಬಾಗಿಲು ತೆರೆದರೆ ಊಟದ ಮೇಜಿನ ಮೇಲೆ ಮೂರು ರೆಕ್ಕೆ.

ನಿಜವಾದ ರೆಕ್ಕೆಗಳೇ. ಕಪ್ಪಗೆ, ನುಣ್ಣಗೆ. ಒಂದು ಚಿಕ್ಕದು, ಒಂದು ಮಧ್ಯಮ, ಇನ್ನೊಂದು ಕುಡಿಬಾಳೆ ಎಲೆಯಷ್ಟು ದೊಡ್ಡದು. ಬಿಡಿಸಿಟ್ಟು ಹೋಗಿದ್ದ ಮೆಂತ್ಯದ ಸೊಪ್ಪು ನಾಪತ್ತೆ. ಪಕ್ಕದಲ್ಲಿ ಇವರು, ಹೆರಿಗೆ ವಾರ್ಡಿನ ಹೊರಗೆ ನಿಂತ ಹೊಸ ಅಪ್ಪನ ಹಾಗೆ.

“ಡೆರೆಕ್ ಕೊಟ್ಟ. ಒಂದು ಆರಿಸಿ, ಉಳಿದದ್ದು ವಾಪಸ್ ತನ್ನಿ ಅಂದ.”

“ಸೊಪ್ಪು ಎಲ್ಲಿಟ್ರಿ?”

“ಫ್ರಿಜ್ಜಲ್ಲಿದೆ. ಮೊದಲು ಇದನ್ನ ನೋಡು ನಿರೂ.”

ಡೆರೆಕ್ ಇವರ ಸೈಲಿಂಗ್ ಕ್ಲಬ್ಬಿನ ಹಿರಿಯ, ನಿವೃತ್ತ ಗಣಿತದ ಮೇಷ್ಟರು. ಡರ್ಬಿಶೈರ್ ಕಡೆ ಒಂದು ರಿಸರ್ವಾಯರ್ ಇದೆ — ನನ್ನ ಬಾಯಲ್ಲಿ ಅದು ಕೆರೆ. ಅಲ್ಲಿ ಇವರು ಹಾಯಿ ಹಿಡಿದು ಹಲಗೆಯ ಮೇಲೆ ಓಡಾಡಲು ಶುರು ಮಾಡಿ ಇಪ್ಪತ್ತು ವರ್ಷವಾಯಿತು. ನಾನು ದಡದಲ್ಲಿ ಕಾರಿನೊಳಗೆ ಕೂತೂ ಇಪ್ಪತ್ತು ವರ್ಷವಾಯಿತು. ನನಗೆ ಈಜು ಬರುವುದಿಲ್ಲ.

ಅಕ್ಟೋಬರಿನಲ್ಲಿ ಇವರಿಗೆ ಹೃದಯದ ಬೈಪಾಸ್ ಆಯಿತು. ದೊಡ್ಡ ಹಾಯಿ ಎಳೆಯುವಂತಿಲ್ಲ, ಜೋರು ಗಾಳಿಗೆ ಹೋಗುವಂತಿಲ್ಲ ಎಂದು ಕಾರ್ಡಿಯಾಲಜಿಸ್ಟ್ ಹೇಳಿದ್ದಾರೆ. ಹತ್ತು ನಾಟ್, ಅಂದರೆ ಗಂಟೆಗೆ ಹದಿನೆಂಟು ಕಿಲೋಮೀಟರಿನೊಳಗಿನ ಗಾಳಿಯಾದರೆ ಅಡ್ಡಿಯಿಲ್ಲ. ಆದರೆ ಅಷ್ಟು ತೆಳು ಗಾಳಿಯಲ್ಲಿ ಇವರ ಹಳೆಯ ಹಲಗೆ ಎಮ್ಮೆಯ ಹಾಗೆ ಮಲಗಿಬಿಡುತ್ತದೆ. ಅದಕ್ಕೇ ಈ ಫಾಯಿಲ್. ಹಲಗೆಯ ಕೆಳಗೆ ಒಂದು ಕಂಬ, ಕಂಬದ ತುದಿಯಲ್ಲಿ ನೀರೊಳಗೆ ಈ ರೆಕ್ಕೆ. ಸ್ವಲ್ಪ ವೇಗ ಬಂದರೆ ಸಾಕು, ರೆಕ್ಕೆ ಹಲಗೆಯನ್ನೂ ಮನುಷ್ಯನನ್ನೂ ನೀರಿನಿಂದ ಎತ್ತಿಬಿಡುತ್ತದಂತೆ. ಸಣ್ಣ ಹಾಯಿ ಸಾಕಂತೆ.

ಏಪ್ರಿಲ್‌ಗೆ ಇವರಿಗೆ ಅರವತ್ತು ತುಂಬುತ್ತದೆ. ಷಷ್ಟ್ಯಬ್ದಿ ಶಾಂತಿ ಮಾಡಿಸಲೇಬೇಕು ಎಂದು ನನ್ನ ಹಟ, ಹೋಮದ ಮುಂದೆ ಕೂರುವುದಿಲ್ಲ ಎಂದು ಇವರ ಹಟ. ಯುಗಾದಿ ಹತ್ತಿರ ಬಂದರೂ ಜಗ್ಗಾಟ ಮುಗಿದಿರಲಿಲ್ಲ. ಇವತ್ತು ಒಪ್ಪಂದವಾಯಿತು. ಇವರು ಹೋಮಕ್ಕೆ ಕೂರುತ್ತಾರೆ. ನಾನು ರೆಕ್ಕೆ ಕೊಡಿಸಬೇಕು.

“ಯಾವುದು ಅಂತ ನೀನೇ ಹೇಳು. ಯಾವುದೂ ಬೇಡ ಅಂದ್ರೆ ಯಾವುದೂ ಬೇಡ. ನಾನು ಬಾಯಿ ಬಿಡಲ್ಲ.”

ಇದಕ್ಕಿಂತ ದೊಡ್ಡ ಬಲೆ ಇನ್ನೊಂದಿಲ್ಲ. ಬೇಡ ಎಂದರೆ ಆ ಮುಖವನ್ನು ನೋಡುತ್ತ ನಾನೇ ಬಾಳಬೇಕು.


ಮಾರ್ಚ್ 15, ಶನಿವಾರ

ಓದಿ ಓದಿ ತಲೆ ಕೆಟ್ಟಿತು. ರೆಕ್ಕೆಯ ಮೇಲೆ ಬರೆದ ಅಂಕಿ ಅದರ ವಿಸ್ತಾರ, ಚದರ ಸೆಂಟಿಮೀಟರ್ ಲೆಕ್ಕ. ಒಂಬೈನೂರು, ಸಾವಿರದ ಮುನ್ನೂರು, ಸಾವಿರದ ಎಂಟುನೂರು. ದೊಡ್ಡದಾದಷ್ಟೂ ಬೇಗ ಏಳುತ್ತದೆ, ಕಡಿಮೆ ಗಾಳಿ ಸಾಕು. ತೂಕ ನೋಡಬೇಕು. ಅಗಲ ಉದ್ದದ ಅನುಪಾತ ನೋಡಬೇಕು. ಇಂಟರ್ನೆಟ್ಟಿನಲ್ಲಿ ಇದಕ್ಕಾಗಿ ಗಂಡಸರು ಕೈಕೈ ಮಿಲಾಯಿಸುವುದೊಂದು ಬಾಕಿ.

ಎಲ್ಲರೂ ಬರೆಯುವುದು ಒಂದೇ ಮಾತು — ಎದ್ದ ಕ್ಷಣ ಮರೆಯಲಾಗದು. ಬಿದ್ದ ಕ್ಷಣದ ಬಗ್ಗೆ ಯಾರೂ ಉದ್ದಕ್ಕೆ ಬರೆದಿಲ್ಲ. ನನಗೆ ಬೇಕಾದದ್ದು ಅದು.

ಆಪರೇಷನ್ ಆದಮೇಲೆ ರಿಕವರಿ ವಾರ್ಡಿನಲ್ಲಿ ನೋಡಿದ ಇವರ ಮುಖ ಕಣ್ಣಿಂದ ಹೋಗುತ್ತಿಲ್ಲ. ಬಾಯಿಗೆ ಟ್ಯೂಬ್, ಹಣೆಯ ಮೇಲೆ ಯಾರೋ ಬಾಚಿದ ಕೂದಲು, ತಪ್ಪು ಬೈತಲೆ. ಅದನ್ನು ಸರಿಮಾಡಲು ಕೈ ಚಾಚಿದೆ, ನರ್ಸ್ ತಡೆದಳು. ವೃತ್ತಿಯಿಂದ ಡಾಕ್ಟರು, ಆ ಹೊತ್ತಿನಲ್ಲಿ ಏನೂ ಆಗಿರಲಿಲ್ಲ ನಾನು.


ಮಾರ್ಚ್ 16, ಭಾನುವಾರ

ಲೀಡ್ಸ್‌ನಿಂದ ಮಾಳವಿಕಾ ಫೋನು. ಮಗಳು ಡ್ಯೂಟಿಗೂ ಡ್ಯೂಟಿಗೂ ನಡುವೆ ಬ್ರೆಡ್ ತಿನ್ನುತ್ತ ಮಾತಾಡುತ್ತಾಳೆ.

“ನಿಮ್ಮಪ್ಪನಿಗೆ ಹಾರೋ ಹುಚ್ಚು ಹಿಡಿದಿದೆ ಕಣೇ.”

“ಐ ನೋ. ಹೀ ಸೆಂಟ್ ಮೀ ಸೆವೆನ್ ವೀಡಿಯೋಸ್. ಜಸ್ಟ್ ಲೆಟ್ ಹಿಮ್, ಅಮ್ಮಾ.”

“ಬಿದ್ರೆ?”

“ದೆನ್ ಹೀ ಫಾಲ್ಸ್ ಇನ್ ವಾಟರ್. ಯೂ ಫಾಲ್ ಆನ್ ಟ್ರಾಮ್ಸ್.”

ಹೋದ ತಿಂಗಳು ನಾನು ಟ್ರಾಮಿನಲ್ಲಿ ಒಬ್ಬ ಮುದುಕನ ತೊಡೆಯ ಮೇಲೆ ಬಿದ್ದದ್ದನ್ನು ಇವರು ಮಗಳಿಗೂ ಊದಿದ್ದಾರೆ.


ಮಾರ್ಚ್ 22, ಶನಿವಾರ

ಇವರನ್ನು ಬಿಟ್ಟು ನಾನೊಬ್ಬಳೇ ಕ್ಲಬ್ಬಿಗೆ ಹೋಗಿ ಬಂದೆ. ಡೆರೆಕ್ ಮಗ್ಗಿನಲ್ಲಿ ಟೀ ಕೊಟ್ಟ. ಟೀ ಎಂದು ಅವನು ಹೇಳಿದ್ದಕ್ಕೆ ನಂಬಿದೆ.

“ಲೈಟ್ ವಿಂಡ್‌ಗಾ? ಗೋ ಬಿಗ್, ಡಕ್. ಆ ಎಂಟೀನ್ ಹಂಡ್ರೆಡ್ ಇದೆಯಲ್ಲ, ಒಂದು ಉಸಿರು ಗಾಳಿ ಬಂದ್ರೂ ಚಿದ್‌ನ ಮೇಲೆತ್ತುತ್ತೆ.”

ಕ್ಲಬ್ಬಿನಲ್ಲಿ ಇವರು ಚಿದ್. ಇಲ್ಲಿಯವರು ಎಲ್ಲರನ್ನೂ ಡಕ್ ಎನ್ನುತ್ತಾರೆ. ಮೂವತ್ತು ವರ್ಷವಾದರೂ ನನಗೆ ಪ್ರತಿಸಲ ಹಿಂತಿರುಗಿ ನೋಡಬೇಕೆನಿಸುತ್ತದೆ.

ಒಂದು ಉಸಿರು ಗಾಳಿ ಬಂದರೂ ಎತ್ತುತ್ತದೆ. ಅವನು ಹೊಗಳಿ ಹೇಳಿದ. ನಾನು ಎಚ್ಚರಿಕೆ ಎಂದು ಕೇಳಿಸಿಕೊಂಡೆ.


ಮಾರ್ಚ್ 27, ಗುರುವಾರ

ಹೇಳಿಬಿಟ್ಟೆ. ಒಂಬೈನೂರು. ಚಿಕ್ಕದು.

ಯಾಕೆಂದು ಇಲ್ಲಿ ಬರೆದಿಡುತ್ತೇನೆ, ಇನ್ನೆಲ್ಲೂ ಹೇಳುವಂತಿಲ್ಲ. ವಯಸ್ಸಾದವರಿಗೆ ಯಾವ ಮಾತ್ರೆಯನ್ನೂ ಕಡಿಮೆಯಿಂದ ಶುರು ಮಾಡುತ್ತೇವೆ, ನಿಧಾನಕ್ಕೆ ಏರಿಸುತ್ತೇವೆ. ಮಾತ್ರೆಯಾದರೇನು, ರೆಕ್ಕೆಯಾದರೇನು. ಅರ್ಧ ಡೋಸ್ ಕೊಟ್ಟರೆ ಅಪಾಯವೂ ಅರ್ಧ. ಹತ್ತು ನಾಟ್‌ನೊಳಗೆ ಈ ಚಿಕ್ಕದು ಇವರನ್ನು ಎತ್ತುವುದಿಲ್ಲ, ಅಷ್ಟು ಓದಿ ತಿಳಿದುಕೊಂಡಿದ್ದೇನೆ. ಎತ್ತದಿದ್ದರೆ ಬೀಳುವ ಮಾತೇ ಇಲ್ಲ. ಕೆರೆಯ ಮೇಲೆ ಮೆಲ್ಲಗೆ ತೇಲಿಕೊಂಡು ಹೋಗಲಿ, ಬರಲಿ. ಇವರ ಆಸೆಯೂ ಆಯಿತು, ನನ್ನ ಗಂಡ ನನಗೆ ಉಳಿದದ್ದೂ ಆಯಿತು.

ಕೇಳಿದ ಕೂಡಲೇ ಇವರ ಕಣ್ಣು ದೊಡ್ಡದರ ಕಡೆ ಹೋಯಿತು. ಒಂದೇ ಕ್ಷಣ.

“ಎಲ್ಲಾ ನೋಡಿದ್ಯಲ್ಲ?”

“ನೋಡಿದೆ. ಇದೇ ಸರಿ.”

“ಹಾಗಾದ್ರೆ ಸರಿ.”

ಇನ್ನೊಂದು ಪ್ರಶ್ನೆ ಕೇಳಲಿಲ್ಲ. ಕೇಳಿದ್ದರೆ ಸಿಕ್ಕಿಬೀಳುತ್ತಿದ್ದೆ. ದೊಡ್ಡ ರೆಕ್ಕೆಯನ್ನು ಹಳೆಯ ಪಂಚೆಯಲ್ಲಿ ಸುತ್ತಿ ಡೆರೆಕ್‌ಗೆ ವಾಪಸ್ ಕೊಡಲು ಕಾರಿನಲ್ಲಿಟ್ಟರು. ಮಲಗಿದ ಮಗುವನ್ನು ಎತ್ತಿಡುವ ಹಾಗೆ ಇಟ್ಟರು.


ಏಪ್ರಿಲ್ 13, ಭಾನುವಾರ, ಸಂಜೆ

ಷಷ್ಟ್ಯಬ್ದಿ ಮುಗಿಯಿತು. ನಿಂತು ನಿಂತು ಕಾಲು ನನ್ನದಲ್ಲ ಅನ್ನಿಸುತ್ತಿದೆ.

ಹಿತ್ತಿಲ ಗಾರ್ಡನ್ನಿನಲ್ಲಿ ಗಝೀಬೋ ಡೇರೆ ಹಾಕಿಸಿ ಹೋಮ. ಲೆಸ್ಟರ್‌ನಿಂದ ಪುರೋಹಿತರು. ಗಾಳಿ ಹೊಗೆಯನ್ನೆಲ್ಲ ಪಕ್ಕದ ಮನೆಯ ಒಣಹಾಕಿದ ಬಟ್ಟೆಗಳ ಕಡೆ ಕಳಿಸಿತು, ಸಂಜೆ ಒಂದು ಡಬ್ಬಿ ಮೈಸೂರು ಪಾಕ್ ಕೊಟ್ಟು ಕ್ಷಮೆ ಕೇಳಿದೆ. ಕೊನೆಗೆ ಕಲಶದ ನೀರು. ಏಪ್ರಿಲ್ ಚಳಿಯಲ್ಲಿ ನಮ್ಮಿಬ್ಬರನ್ನೂ ಮಣೆಯ ಮೇಲೆ ಕೂರಿಸಿ ಕೊಡಗಟ್ಟಲೆ ಸುರಿದರು. ಒಳಗೆ ನೀರಾಟದ ರಬ್ಬರ್ ವೆಟ್‌ಸೂಟ್ ಹಾಕಿಕೊಳ್ಳುತ್ತೇನೆ ಎಂದು ಬೆಳಿಗ್ಗೆ ಇವರು ಕೇಳಿದ್ದರು. ಬೇಡವೆಂದು ಬೈದಿದ್ದೆ. ನೀರು ಬಿದ್ದಾಗ ಹಲ್ಲು ಕಟಕಟಿಸುತ್ತ ನನ್ನ ಕಡೆ ನೋಡಿದರು, “ಈಗ ಹೇಳು” ಎನ್ನುವ ಹಾಗೆ. ಪುರೋಹಿತರು ಮಂತ್ರ ಹೇಳುತ್ತಿದ್ದಾರೆ, ನಮ್ಮಿಬ್ಬರಿಗೂ ನಗು ತಡೆಯುತ್ತಿಲ್ಲ.

ಧಾರವಾಡದಿಂದ ಅತ್ತೆ ಶಾರದಮ್ಮ ವೀಡಿಯೋದಲ್ಲಿ ಪೂರ್ತಿ ನೋಡಿದರು. ಕಲಶದ ಪಕ್ಕ ಕುಂಕುಮ ಹಚ್ಚಿ ಇಟ್ಟ ರೆಕ್ಕೆ ಕಣ್ಣಿಗೆ ಬಿತ್ತು.

“ಅದೇನೋ ಚಿದಾ, ಫ್ಯಾನಿನ ರೆಕ್ಕಿ ಏನು?”

“ಹೌದವ್ವಾ. ನೀರಾಗ ಹಚ್ಚೂ ಫ್ಯಾನು. ನಿರೂನ ಆರಿಸ್ಯಾಳ.”

“ಆಕಿ ಆರಿಸಿದ್ರ ಛೊಲೋನ ಇರ್ತದ ಬಿಡು.”

ಮಗನ ಧಾರವಾಡ ಕನ್ನಡವನ್ನು ಈ ಮೈಸೂರಿನವಳು ತೊಳೆದು ಹಾಕಿದಳು ಎಂದು ಅತ್ತೆಗೆ ಹಳೆಯ ಮುನಿಸು. ತಾಯಿಯ ಜೊತೆ ಬಿಟ್ಟರೆ ಸಿಟ್ಟು ಬಂದಾಗ ಮಾತ್ರ ಆ ಮಾತು ಹೊರಗೆ ಬರುತ್ತದೆ.

ಮತ್ತೆ ತಾಳಿ ಕಟ್ಟಿದರು. ಬರಿಯ ಎದೆ, ಕೊರಳ ಕುಳಿಯಿಂದ ಕೆಳಗೆ ಇಳಿದ ಗಾಯದ ಗೆರೆ ಇನ್ನೂ ಗುಲಾಬಿ. ಮೂವತ್ತೆರಡು ವರ್ಷದ ಹಿಂದೆ ಗಂಟು ಹಾಕಲು ತಡಕಾಡಿದ ಕೈ, ಇವತ್ತು ಒಂದೇ ಸಲಕ್ಕೆ ಹಾಕಿತು. ಇವರನ್ನು ನಾನು ಎಷ್ಟು ಪ್ರೀತಿಸುತ್ತೇನೆಂದರೆ ಅದೊಂದು ಹೊಟ್ಟೆನೋವಿನಂತೆ ಇದೆ. ಅಂಥ ದಿನ ಇವರ ಕೈಗೆ ಆ ರೆಕ್ಕೆ ಕೊಟ್ಟೆ.


ಮೇ 5, ಸೋಮವಾರ. ಬ್ಯಾಂಕ್ ಹಾಲಿಡೇ

ಮೊದಲ ಸಲ ನೀರಿಗಿಳಿದರು. ಎಂಟು ನಾಟ್ ಗಾಳಿ. ಹೆಲ್ಮೆಟ್, ಜಾಕೆಟ್, ಎಲ್ಲ ಸರಿಯಾಗಿ. ನಾನು ಎಂದಿನಂತೆ ಕಾರಿನಲ್ಲಿ, ಫ್ಲಾಸ್ಕಿನ ಕಾಫಿ.

ಏಳಲಿಲ್ಲ. ನಾನು ಎಣಿಸಿದ ಹಾಗೇ ಆಯಿತು. ಅತ್ತ ಹೋದರು, ಇತ್ತ ಬಂದರು, ಬಾತುಕೋಳಿಗಳು ಇವರಿಗಿಂತ ಮುಂದೆ ಹೋದವು. ನಡುನಡುವೆ ಮೊಣಕಾಲು ಬಗ್ಗಿಸಿ ಹಾಯಿ ಜಗ್ಗಿ ನೋಡುತ್ತಿದ್ದರು. ನಾನು ಎಷ್ಟೋ ತಿಂಗಳ ಮೇಲೆ ನೆಮ್ಮದಿಯಿಂದ ಒಂದು ಇಡೀ ಕಪ್ ಕಾಫಿ ಕುಡಿದೆ.

“ಮೊದಲ ದಿನ ಅಲ್ವಾ,” ಅಂದರು ಕಾರಿನಲ್ಲಿ. “ಡೆರೆಕ್ ಹೇಳ್ದ, ಇಷ್ಟು ಗಾಳಿಗೆ ಈ ರೆಕ್ಕೆ ಚಿಕ್ಕದಾಯ್ತು ಅಂತ. ನಾನಂದೆ, ಮೈ ವೈಫ್ ಡಿಡ್ ದ ನಂಬರ್ಸ್.”

ಕಿಟಕಿಯಿಂದ ಹೊರಗೆ ನೋಡಿದೆ. ರೌಂಡ್‌ಅಬೌಟ್ ಬಂತು, ಕುರಿ ಬಂದವು.


ಮೇ 11, ಭಾನುವಾರ

ಇವತ್ತೂ ಇಲ್ಲ. ಯೂನಿವರ್ಸಿಟಿಯ ಒಬ್ಬ ಹುಡುಗಿ ಕೇಳಿಕೊಂಡು ಇವರ ಹಲಗೆ, ಇವರ ರೆಕ್ಕೆಯಲ್ಲೇ ಹೋದಳು. ಐವತ್ತು ಕೆಜಿ ಇದ್ದಾಳೋ ಇಲ್ಲವೋ. ನಾಲ್ಕು ಸಲ ಜಗ್ಗಿದಳು, ಎದ್ದಳು. ದಡದಲ್ಲಿ ನಿಂತು ಇವರು ಚಪ್ಪಾಳೆ ತಟ್ಟಿದರು. ಮನಸಾರೆ ತಟ್ಟಿದರು. ಆಮೇಲೆ ತಮ್ಮ ತೋಳುಗಳನ್ನು ಒಮ್ಮೆ ನೋಡಿಕೊಂಡರು.

ಮನೆಗೆ ಬರುವಾಗ ರೇಡಿಯೋ ಹಾಕಲಿಲ್ಲ.


ಮೇ 16, ಶುಕ್ರವಾರ

ಅನ್ನಕ್ಕೆ ಸಾರು ಕಲೆಸುತ್ತ, ಯಾವುದೋ ಸಾಮಾನು ತರಬೇಕು ಎನ್ನುವ ದನಿಯಲ್ಲಿ ಹೇಳಿದರು.

“ಸೆಪ್ಟೆಂಬರಿಂದ ಆಪರೇಷನ್ ಥಿಯೇಟರ್ ಕೆಲಸ ಬಿಡೋಣ ಅಂತಿದ್ದೀನಿ. ಮೇಲ್ ಬರೆದಿಟ್ಟಿದ್ದೀನಿ, ಇನ್ನೂ ಕಳಿಸಿಲ್ಲ.”

“ಯಾಕ್ರೀ? ಫಿಟ್ ಅಂತ ಸರ್ಟಿಫೈ ಮಾಡಿದ್ದಾರಲ್ಲ.”

“ಅವರು ಮಾಡಿದ್ದಾರೆ. ನನ್ನ ಮೈ ನನಗೆ ಗೊತ್ತಾಗಲ್ವಾ? ರೆಕ್ಕೆ ಸರಿ ಇದೆ, ನೀನು ಅಷ್ಟು ಓದಿ ಆರಿಸಿದ್ದೀಯ. ಆ ಹುಡುಗಿ ಎದ್ಲು. ಏಳಕ್ಕಾಗದವನು ನಾನು. ಒಂದು ಹಲಗೆ ಎತ್ತಕ್ಕಾಗದ ಮೈ ಇಟ್ಕೊಂಡು ಇನ್ನೊಬ್ಬರ ಉಸಿರು ಕಾಯ್ತೀನಿ ಅಂತ ಕೂರೋದು ಸರಿಯಲ್ಲ ನಿರೂ.”

ಮೂವತ್ತು ವರ್ಷದಿಂದ ಅರಿವಳಿಕೆ ಕೊಟ್ಟು ಜನರನ್ನು ಮಲಗಿಸಿ, ಎಚ್ಚರಿಸಿ ಬಂದ ಮನುಷ್ಯ. ಆ ಕೆಲಸವೇ ಇವರು. ಅದನ್ನು ಬಿಡಲು ಹೊರಟಿದ್ದಾರೆ, ನನ್ನ ಒಂದು ಸುಳ್ಳು ನಂಬಿಕೊಂಡು.

ಆಗಲೇ ಹೇಳಬೇಕಿತ್ತು. ಮಜ್ಜಿಗೆ ಹಾಕಲಾ ಎಂದು ಕೇಳಿದೆ.


ಮೇ 24, ಶನಿವಾರ, ಮಧ್ಯಾಹ್ನ

ಬೆಳಿಗ್ಗೆಯಿಂದ ಅದೇ ಕಣ್ಣ ಮುಂದೆ ಬರುತ್ತಿದೆ. ಬರೆದರೆ ನಿಲ್ಲುತ್ತದೇನೋ.

ಬೆಳಿಗ್ಗೆ ಎದ್ದರೆ ಅಟ್ಟದಿಂದ ಹೆಲ್ಮೆಟ್ ಇಳಿಸುತ್ತಿದ್ದರು. ಹದಿನೇಳು ನಾಟ್, ಬೀಸುಗಾಳಿ ಇಪ್ಪತ್ತನಾಲ್ಕು. ಬೇಡ ಎಂದೆ. ಕಾರ್ಡಿಯಾಲಜಿಸ್ಟ್ ಏನಂದಿದ್ದರು ಎಂದು ಕೂಗಾಡಿದೆ.

“ಒಂದೇ ಒಂದ್ಸಲ. ನನ್ನ ಕೈಲಾಗದ್ದು ಗಾಳಿ ಕೈಲಾದ್ರೂ ಆಗತ್ತಾ ನೋಡ್ತೀನಿ. ಅದೂ ಆಗ್ಲಿಲ್ಲ ಅಂದ್ರೆ ಮೇಲ್ ಕಳಿಸ್ತೀನಿ.”

ಕೀ ಕಿತ್ತುಕೊಳ್ಳಬಹುದಿತ್ತು. ನಿಜ ಹೇಳಬಹುದಿತ್ತು. ಎರಡೂ ಮಾಡದೆ ಕಾರಿನಲ್ಲಿ ಕೂತೆ.

ಕೆರೆ ಬೆಳ್ಳಗೆ ನೊರೆಗಟ್ಟಿತ್ತು. ಎದ್ದರು. ಹೌದು, ಎದ್ದರು. ನೀರಿನಿಂದ ಹಲಗೆ ಮೇಲಕ್ಕೆ ಬಂತು, ನನ್ನ ಬಾಯಿಂದ ಏನೋ ಕೂಗು ಬಂತು. ಆದರೆ ಅದು ಏಳುವುದಲ್ಲ, ಯಾರೋ ಎತ್ತಿ ಒಗೆದದ್ದು. ಬಾಣದ ಹಾಗೆ ಹೋದರು, ಮುಗ್ಗರಿಸಿದರು, ಹಲಗೆ ಒಂದು ಕಡೆ, ಇವರು ಒಂದು ಕಡೆ. ಮತ್ತೆ ಹತ್ತಿದರು. ಮತ್ತೆ ಹಾಗೇ. ಆಮೇಲೆ ಹತ್ತಲಿಲ್ಲ. ಹಲಗೆ ತಬ್ಬಿಕೊಂಡು ತಲೆ ಅದರ ಮೇಲಿಟ್ಟು ಸುಮ್ಮನಿದ್ದರು.

ದೋಣಿ ಇಳಿಸುವ ಸ್ಲಿಪ್‌ವೇಗೆ ಓಡಿದೆ. ನೀರಿನಲ್ಲಿ ಮೊಣಕಾಲುದ್ದ ನಿಂತಿದ್ದೆ ಎನ್ನುವುದು ಆಮೇಲೆ ಶೂ ನೋಡಿ ಗೊತ್ತಾಯಿತು. ಡೆರೆಕ್ ಸೇಫ್ಟಿ ಬೋಟಿನಲ್ಲಿ ಕರೆತಂದ. ಮುಖ ಬೂದಿ. ಅಲ್ಲೇ ಕೂರಿಸಿ ನಾಡಿ ಹಿಡಿದೆ. ವೇಗವಿತ್ತು, ಲಯ ತಪ್ಪಿರಲಿಲ್ಲ. ಎದೆನೋವಿಲ್ಲ. ಬರೀ ಸುಸ್ತು, ಚಳಿ. ಇನ್ನೊಂದು ಸಲ ನಾಡಿ ಹಿಡಿದೆ. ಬಿಡಲು ಮನಸ್ಸಾಗಲಿಲ್ಲ.

ಇವರು ಬಟ್ಟೆ ಬದಲಿಸಲು ಹೋದಾಗ ಡೆರೆಕ್ ಪಕ್ಕಕ್ಕೆ ಕರೆದ.

“ನಂಬರ್ಸ್ ನಿಂದು ಅಂದ, ಅದಕ್ಕೇ ನಾನು ಬಾಯಿ ಹಾಕಲಿಲ್ಲ, ಡಕ್. ಆದರೆ ಚಿಕ್ಕ ರೆಕ್ಕೆ ಏಳೋದೇ ವೇಗ ಬಂದ ಮೇಲೆ. ಬೀಳೋದೂ ಅದೇ ವೇಗದಲ್ಲಿ. ದೊಡ್ಡದು ನಿಧಾನಕ್ಕೆ ಎತ್ತುತ್ತೆ, ನಿಧಾನಕ್ಕೆ ಇಳಿಸುತ್ತೆ. ಇದು ರೇಸಿನವರದು. ಚಿದ್‌ಗಲ್ಲ.”

ಅರ್ಧ ಡೋಸ್ ಎಂದು ನಾನು ಬರೆದುಕೊಟ್ಟದ್ದು ಎರಡು ಪಟ್ಟು ಡೋಸ್ ಆಗಿತ್ತು. ಇಂಥ ತಪ್ಪನ್ನು ನನ್ನ ಟ್ರೈನಿ ಮಾಡಿದ್ದರೆ ಅವಳನ್ನು ಬಾಗಿಲು ಮುಚ್ಚಿ ಕೂರಿಸಿಕೊಂಡು ಕೇಳುತ್ತಿದ್ದೆ.

ಕಾರಿನಲ್ಲಿ ಎಲ್ಲ ಹೇಳಿದೆ. ಎಂಜಿನ್ ಶುರು ಮಾಡುವ ಮುಂಚೆ. ಏಳಬಾರದು ಎಂದೇ ಆರಿಸಿದ್ದು, ನೀವಲ್ಲ, ನಿಮ್ಮ ಮೈಯಲ್ಲ, ನಾನು. ಇವರು ಮುಂದಿನ ಗಾಜು ನೋಡುತ್ತ ಕೇಳಿದರು. ಸೀಟ್ ಬೆಲ್ಟ್ ಹಾಕಿಕೊಂಡರು, ಬಿಚ್ಚಿದರು. ಆಮೇಲೆ —

“ನೀ ನನಗ ಸುಳ್ಳ ಹೇಳಿದಿ.”

ಧಾರವಾಡ.

“ನಾ ನನ್ನ ಮೈಗೆ ಬೈಕೋತ ಕೂತಿದ್ದೆ. ನೀ ಬಾಜೂಕ ಕೂತು ನೋಡ್ಕೋತ ಇದ್ದಿ.”

ಹೌದು. ನೋಡುತ್ತ ಇದ್ದೆ. ಮಜ್ಜಿಗೆ ಹಾಕುತ್ತ ಇದ್ದೆ.


ಮೇ 25, ಭಾನುವಾರ

ಮಾತಿಲ್ಲ.


ಮೇ 29, ಗುರುವಾರ

ಮಾತಿಲ್ಲ ಎಂದರೆ ಪೂರ್ತಿ ಇಲ್ಲ ಎಂದೇನಲ್ಲ. ಕಸದ ಬಿನ್ ಹೊರಗಿಟ್ಟೆ ಎನ್ನುತ್ತಾರೆ. ಹಾಲು ಮುಗಿದಿದೆ ಎನ್ನುತ್ತಾರೆ. ಬೆಳಿಗ್ಗೆ ನನ್ನ ಕಾಫಿ ಎಂದಿನಂತೆ ಮಾಡಿಟ್ಟು, ಆರದಂತೆ ಮೇಲೆ ತಟ್ಟೆ ಮುಚ್ಚಿ ಆಸ್ಪತ್ರೆಗೆ ಹೋಗುತ್ತಾರೆ. ಆ ತಟ್ಟೆ ನೋಡಿದರೆ ಅಳು ಬರುತ್ತದೆ. ಬೈದಿದ್ದರೆ ವಾಸಿಯಿತ್ತು.

ಮಾಳವಿಕಾಗೆ ಹೇಳಿದೆ. “ಅಮ್ಮಾ! ಯೂ ಪ್ರಿಸ್ಕ್ರೈಬ್ಡ್ ಎ ಪ್ಲಸೀಬೋ?” ಹುಸಿಮದ್ದು ಕೊಟ್ಟೆಯಾ ಎಂದು ನಕ್ಕಳು, ಆಮೇಲೆ “ಯೂ ಮಸ್ಟ್ ಹ್ಯಾವ್ ಬೀನ್ ಸೋ ಸ್ಕೇರ್ಡ್” ಅಂದಳು. ಅವಳು ಹೇಳುವವರೆಗೆ ನನಗೆ ಅದು ತಲೆಗೆ ಹೊಳೆದಿರಲಿಲ್ಲ — ಹೆದರಿಕೆಯಾಗಿದೆ ಎಂದು ನಾನು ಇವರಿಗೆ ಒಮ್ಮೆಯೂ ಹೇಳಿರಲಿಲ್ಲ. ಆಪರೇಷನ್ ದಿನವೂ ಇಲ್ಲ, ಆಮೇಲೂ ಇಲ್ಲ. ಮಾತ್ರೆ ಕೊಟ್ಟೆ, ಉಪ್ಪು ಕಡಿಮೆ ಮಾಡಿದೆ, ಹೋಮ ಮಾಡಿಸಿದೆ.


ಜೂನ್ 1, ಭಾನುವಾರ

ಹಿತ್ತಿಲಲ್ಲಿ ಕೊತ್ತಂಬರಿ ಕುಂಡಗಳಿಗೆ ನೀರು ಹಾಕುತ್ತಿದ್ದರು. ಹೋಗಿ ಪಕ್ಕದಲ್ಲಿ ನಿಂತೆ.

“ನನಗೆ ಹೆದರಿಕೆ ಆಗತ್ತೆ ರೀ. ನೀವು ಮೆಟ್ಟಿಲು ಹತ್ತಿದ್ರೂ ಆಗತ್ತೆ. ನೀವಿಲ್ಲದ ಮನೇಲಿ ನಾನು ಇರಲಾರೆ.”

ನೀರು ಹಾಕುವುದನ್ನು ನಿಲ್ಲಿಸಲಿಲ್ಲ. ಒಂದೇ ಕುಂಡಕ್ಕೆ ಸುರಿಯುತ್ತಲೇ ಇದ್ದರು, ಅದು ತುಂಬಿ ಕಾಲಿಗೆ ಹರಿಯಿತು.

“ಇದನ್ನ ಮಾರ್ಚಲ್ಲೇ ಹೇಳಬಾರದಿತ್ತಾ.”

“ಹೇಳಿದ್ರೆ ನೀವು ಹೋಗ್ತಾನೇ ಇರ್ಲಿಲ್ಲ.”

“ಹೌದು. ಹೋಗ್ತಿರ್ಲಿಲ್ಲ.” ಪೈಪನ್ನು ಪಕ್ಕದ ಕುಂಡಕ್ಕೆ ತಿರುಗಿಸಿದರು. “ನನಗೂ ಹೆದರಿಕೇನೇ ಕಣೇ. ಎದೆ ಒಳಗೆ ಏನೋ ಚುಚ್ಚಿದ್ರೆ ಉಸಿರು ಹಿಡ್ಕೊಂಡು ಕಾಯ್ತೀನಿ. ಅದಕ್ಕೇ ಬೇಕಿತ್ತು ಆ ಹಲಗೆ. ಅಲ್ಲಿ ನಿಂತಾಗ ಮೈ ನಂದು ಅನ್ಸತ್ತೆ, ಪೇಷೆಂಟಿಂದಲ್ಲ.”

ಪೈಪನ್ನು ಕೆಳಗಿಟ್ಟರು.

“ಮಲಗಿಸೋ ಮುಂಚೆ ಎಲ್ಲರೂ ಒಂದೇ ಕೇಳ್ತಾರೆ. ಎಚ್ಚರ ಆಗತ್ತಲ್ವಾ ಡಾಕ್ಟ್ರೇ ಅಂತ. ನಾನು ಯಾವತ್ತೂ ಗ್ಯಾರಂಟಿ ಅಂದಿಲ್ಲ. ಪೂರ್ತಿ ಹೊತ್ತು ನಿಮ್ಮ ಪಕ್ಕದಲ್ಲೇ ಇರ್ತೀನಿ ಅಂತೀನಿ. ಅಷ್ಟೇ ಹೇಳಕ್ಕಾಗೋದು. ನಿನಗೂ ಅದಕ್ಕಿಂತ ಜಾಸ್ತಿ ನಾನು ಹೇಳಲಾರೆ.”

ಇಬ್ಬರೂ ಅತ್ತೆವು. ಪಕ್ಕದ ಮನೆಯವಳು ಬೇಲಿಯಾಚೆಯಿಂದ “ಎವ್ರಿಥಿಂಗ್ ಆಲ್‌ರೈಟ್?” ಎಂದು ಕೇಳಿದಳು. ಈರುಳ್ಳಿ ಎಂದೆ. ಕೈಯಲ್ಲಿ ಈರುಳ್ಳಿ ಇರಲಿಲ್ಲ.


ಜೂನ್ 7, ಶನಿವಾರ

ಈ ಸಲ ಸರಿಯಾಗಿ ಆರಿಸುವುದು ಎಂದುಕೊಂಡೆ. ರೋಗಿಯನ್ನು ಎದುರಿಗೆ ಕೂರಿಸಿಕೊಂಡೇ.

ಇವರನ್ನು ವೆಟ್‌ಸೂಟ್, ಜಾಕೆಟ್, ಹೆಲ್ಮೆಟ್ ಸಮೇತ ಬಾತ್‌ರೂಮಿನ ತೂಕದ ಯಂತ್ರದ ಮೇಲೆ ನಿಲ್ಲಿಸಿದೆ. ಎಪ್ಪತ್ತೇಳು. ಹೊಟ್ಟೆ ಒಳಗೆ ಎಳೆದುಕೊಂಡರೆ ತೂಕ ಇಳಿಯುವುದಿಲ್ಲ ಎಂದು ತಿಳಿಸಿದೆ. ಕ್ಲಬ್ಬಿಗೆ ಹೋಗಿ ಡೆರೆಕ್‌ನನ್ನು ಪ್ರಶ್ನೆ ಕೇಳಿ ಕೇಳಿ ಸುಸ್ತು ಮಾಡಿದೆ. ಎಷ್ಟು ಗಾಳಿಗೆ ಏಳುತ್ತದೆ? ಬಿದ್ದರೆ ಎಷ್ಟು ವೇಗದಲ್ಲಿ? ಉದ್ದ ಸಪೂರದ ರೆಕ್ಕೆ ವಾಸಿಯೋ, ಅಗಲದ್ದು ವಾಸಿಯೋ? ಉದ್ದದ್ದು ದೂರ ತೇಲುತ್ತದೆ, ಆದರೆ ಕಾಲು ಸ್ವಲ್ಪ ಆಚೀಚೆ ಆದರೂ ಮುನಿಸಿಕೊಳ್ಳುತ್ತದೆ ಎಂದ. ಅಗಲದ್ದು ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳುತ್ತದೆ. ಗಾಳಿ ಹನ್ನೆರಡು ದಾಟಿದರೆ ಮಾತ್ರ ದೊಡ್ಡ ರೆಕ್ಕೆ ಬೇಡ, ಹಿಡಿತಕ್ಕೆ ಸಿಗುವುದಿಲ್ಲ.

“ಹನ್ನೆರಡೇನು, ಹತ್ತು ದಾಟಿದ್ರೆ ನಾನೇ ಹೋಗಲ್ಲ,” ಅಂದರು ಇವರು. ನನ್ನ ಕಡೆ ನೋಡಿ ಅಂದರು.

ಸಾವಿರದ ಎಂಟುನೂರು, ಅಗಲದ್ದು. ನಾನೇ ಹೇಳಿದೆ.

“ಇದು ನಿಜಾನಾ?” ಎಂದು ಕೇಳಿದರು.

“ನಿಜ. ಹೆದರಿಕೆ ಹಾಗೇ ಇದೆ. ರೆಕ್ಕೆ ಮಾತ್ರ ಸರಿಯಾದ್ದು.”

ಒಂಬೈನೂರನ್ನು ಆ ಯೂನಿವರ್ಸಿಟಿಯ ಹುಡುಗಿಗೆ ಕೊಟ್ಟುಬಿಟ್ಟರು.


ಜೂನ್ 15, ಭಾನುವಾರ

ಗಾಳಿಯೇ ಇಲ್ಲ. ಹೋದ ವಾರ ನನಗೆ ಆನ್-ಕಾಲ್ ಡ್ಯೂಟಿ, ಹೋಗಲಾಗಲಿಲ್ಲ. ಇವರು ಅಡಿಗೆಮನೆಯ ಕಿಟಕಿಯಿಂದ ಪಕ್ಕದ ಮನೆಯ ಬರ್ಚ್ ಮರ ನೋಡುತ್ತಾರೆ, ಎಲೆ ಅಲ್ಲಾಡಿತಾ ಎಂದು. ನಾನೂ ನೋಡಲು ಶುರು ಮಾಡಿದ್ದೇನೆ.


ಜೂನ್ 28, ಶನಿವಾರ, ಬೆಳಿಗ್ಗೆ, ಕೆರೆಯ ದಡ

ಕಾರಿನೊಳಗಲ್ಲ. ಮಡಿಸುವ ಕುರ್ಚಿ ತಂದು ನೀರಿನ ಹತ್ತಿರ ಹಾಕಿಕೊಂಡಿದ್ದೇನೆ. ತೊಡೆಯ ಮೇಲೆ ಈ ಪುಸ್ತಕ.

ಹೋಗುವ ಮುಂಚೆ ಕೈ ಚಾಚಿದರು, ನಾಡಿ ನೋಡು ಎಂದು. ಅರವತ್ತೆಂಟು. ಚೇಷ್ಟೆಗೇ ಚಾಚಿದ್ದು, ಆದರೂ ಪೂರ್ತಿ ಎಣಿಸಿದೆ, ಇವರೂ ಪೂರ್ತಿ ನಿಂತರು. ಥಿಯೇಟರ್ ಬಿಡುವ ಮೇಲ್ ಇನ್ನೂ ಕಳಿಸಿಲ್ಲ, ಅಳಿಸಿಯೂ ಇಲ್ಲ. “ಇವತ್ತು ಒಂದು ನೋಡ್ಬಿಡೋಣ, ಆಮೇಲೆ” ಅಂದರು. ರೆಕ್ಕೆ ಸರಿಯಿದ್ದು, ಗಾಳಿ ಇದ್ದು, ಆಗಲೂ ಏಳದಿದ್ದರೆ?

ಡೆರೆಕ್ ಏಳು ನಾಟ್ ಎನ್ನುತ್ತಾನೆ. ನನಗೆ ಏನೂ ಇಲ್ಲ ಅನ್ನಿಸುತ್ತಿದೆ. ಕೆನ್ನೆಗೆ ಗೊತ್ತಾಗುತ್ತಿಲ್ಲ.

ಇವರು ನಡುವೆ ನಿಂತಿದ್ದಾರೆ. ಹಾಯಿ ಜೋಲುಬಿದ್ದಿದೆ. ಒಂದು ಬಾತುಕೋಳಿ ಬಂದು ವಿಚಾರಿಸಿಕೊಂಡು ಹೋಯಿತು.

ಹೆದರಿಕೆ ಇದೆ. ಬರೆದಿಡುತ್ತೇನೆ, ಇದೆ.

ಆಚೆ ದಡದ ಹತ್ತಿರ ನೀರು ಸ್ವಲ್ಪ ಕಪ್ಪಾಯಿತು. ಸುಕ್ಕು. ಇತ್ತ ಬರುತ್ತಿದೆ. ಡೆರೆಕ್ ಎದ್ದು ನಿಂತ.

ಹಾಯಿ ತುಂಬಿತು. ಹೊರಟರು. ನಿಧಾನ… ಮೊಣಕಾಲು ಬಗ್ಗಿಸಿದರು. ಒಂದು ಸಲ ಜಗ್ಗಿದರು. ಇಲ್ಲ. ಇನ್ನೊಂದು. ಹಲಗೆಯ ಮೂತಿ ಮೇಲೆ ಬಂತು, ಮತ್ತೆ ಇಳಿಯಿತು. ಸಾಕು, ಜಾಸ್ತಿ ಜಗ್ಗಬೇಡಿ. ಜಗ್ಗುತ್ತಿಲ್ಲ. ಸುಮ್ಮನೆ ನಿಂತಿದ್ದಾರೆ, ಕಾಯುತ್ತಿದ್ದಾರೆ —

ಎದ್ದರು.

ಎದ್ದರು. ಹಲಗೆಯ ಕೆಳಗೆ ಬೆಳಕು ಕಾಣುತ್ತಿದೆ. ಒಂದು ಅಡಿ, ಅದಕ್ಕಿಂತ ಜಾಸ್ತಿ. ಹೋಗುತ್ತಿದ್ದಾರೆ, ಹಾಗೇ ಹೋಗುತ್ತಿದ್ದಾರೆ, ಬೀಳುತ್ತಿಲ್ಲ. ಡೆರೆಕ್ ಏನೋ ಕೂಗುತ್ತಿದ್ದಾನೆ. ನನ್ನ ಅಕ್ಷರ ನನಗೇ ಕಾಣುತ್ತಿಲ್ಲ.

ಇತ್ತ ತಿರುಗುತ್ತಿದ್ದಾರೆ. ನಾನು ನೋಡಿದೆನೋ ಇಲ್ಲವೋ ಎಂದು. ನೋಡಿದೆ ರೀ, ನೋಡಿದೆ, ಈಗ ಮುಂದೆ ನೋಡಿಕೊಂಡು ಹೋಗಿ.